ನರಕದ ನದಿ ಮೆಟ್ಟಿಲಿಳಿದದ್ದು

"ಈ ಕಾವ್ಯವನ್ನ ಒಂದು ಟಿಪ್ಪಣೀನೂ ಬಿಡದೆ ಓದಿ ಮುಗಿಸದಿದ್ರೆ ನನ್ನ ಹೆಸರು ತಿರುಮಲನೇ ಅಲ್ಲ!"

ಹೀಗೆಂದು ಪುರಸೈವಾಕ್ಕಂನ ತಿರುಮಲ ಊಟದ ಮೇಜು ಗುದ್ದಿ ಘೋಷಿಸಿದರು. ಸಾರಿನ ಬಟ್ಟಲು ಹಾರಿ ಕುಳಿತಿತು. ಅದು ಮಧ್ಯಯುಗದ ಇಟಲಿಯ ಮಹಾಕಾವ್ಯ. ಕವಿ ಬದುಕಿರುವಾಗಲೇ ನರಕ, ಸ್ವರ್ಗ ಎಲ್ಲ ಸುತ್ತಿ ಬರುವ ಕಥೆ. ತಿಂಗಳ ಕೊನೆಯ ಭಾನುವಾರ ಟಿ. ನಗರದ ಕನ್ನಡ ಬಳಗದಲ್ಲಿ ಅದರ ಮೇಲೆ ಉಪನ್ಯಾಸ ಕೊಡುತ್ತೇನೆಂದು ಒಪ್ಪಿಕೊಂಡು ಬಂದಿದ್ದರು. ಓದಿರಲಿಲ್ಲ, ಅಷ್ಟೆ!

ಕನ್ನಡ ಅನುವಾದವೇನೋ ಸಿಕ್ಕಿತು. ಆದರೆ ಪುಟದ ನೆತ್ತಿಯಲ್ಲಿ ಮೂರು ಸಾಲು ಪದ್ಯ. ಕೆಳಗೆಲ್ಲ ಇರುವೆ ಮುತ್ತಿದಂತೆ ಟಿಪ್ಪಣಿ, ಟಿಪ್ಪಣಿಗೊಂದು ಅಡಿಟಿಪ್ಪಣಿ! ಒಬ್ಬ ಪಾಪಿ ಎದುರಾದರೆ ಅವನ ಮುತ್ತಾತನ ಊರು, ಆ ಊರಿನ ಜಗಳ, ಆ ಜಗಳದ ಬಗ್ಗೆ ಪಂಡಿತರ ಜಗಳ. ಉಪನ್ಯಾಸದ ಹಿಂದಿನ ದಿನ ಬಂದರೂ ತಿರುಮಲ ನರಕದ ಮೊದಲ ನದಿಯ ದಡದಲ್ಲೇ ನಿಂತಿದ್ದರು.

ಹೆಂಡತಿ ಜಯಲಕ್ಷ್ಮೀ ಮಗಳು ಸುಮೇಧಾಳೊಂದಿಗೆ ಹೊರಗೆ ಹೊರಟಳು. "ಮೋಟರ್ ಹಾಕಿದೀನಿ. ಟ್ಯಾಂಕ್ ತುಂಬಿದ ಕೂಡ್ಲೆ ಆಫ್ ಮಾಡ್ಬಿಡಿ. ಸಂಪಿನಲ್ಲಿರೋದೇ ಕೊಂಚ ತಣ್ಣಿ, ನಾಳೆವರೆಗೂ ನೀರಿನ ಲಾರಿ ಬರಲ್ಲ. ಕೇಳಿಸ್ತಾ?"

"ಹ್ಞೂಂ."

ಹ್ಞೂಂ ಅಂದದ್ದು ಬಾಯಿ, ಕಿವಿ ಇಟಲಿಯಲ್ಲಿತ್ತು.

ಸ್ವಲ್ಪ ಹೊತ್ತಿಗೆ ನೀರು ಭೋರ್ಗರೆಯುವ ಸದ್ದು. "ಆಹಾ, ಎಂಥ ಅನುವಾದ! ನದಿ ಪಕ್ಕದಲ್ಲೇ ಹರಿದ ಹಾಗಿದೆ!" ತಿರುಮಲರಿಗೆ ರೋಮಾಂಚನ. ಆಮೇಲೆ ಪಾಪಿಗಳ ಗೋಳೂ ಕೇಳಿಸಿತು. ಆದರೆ ಇಟಲಿಯ ಪಾಪಿಗಳು ಧಾರವಾಡದ ಕನ್ನಡದಲ್ಲಿ ಗೋಳಾಡುವುದೇ? ಅದಕ್ಕೊಂದು ಟಿಪ್ಪಣಿ ಹುಡುಕುತ್ತಿರುವಾಗಲೇ ಯಾರೋ ಬಾಗಿಲನ್ನು ದಬದಬ ಬಡಿದರು.

ಕೆಳಮನೆಯ ಬಟ್ಟೆ ವ್ಯಾಪಾರಿ ಮುರುಗೆಪ್ಪ, ತಲೆಯಿಂದ ಕಾಲಿನವರೆಗೆ ತೊಟ್ಟಿಕ್ಕುತ್ತ ನಿಂತಿದ್ದರು. "ಏನ್ರೀ ತಿರುಮಲ ಅವರ, ಮ್ಯಾಲಿಂದ ನೀರು ಧೋ ಅಂತ ಬೀಳಾಕತ್ತೈತಿ! ನಮ್ಮ ಸಂಡಿಗಿ ಎಲ್ಲಾ ಹರ್ಕೊಂಡ ಹೋದುವು!"

ಮಗಳು ಜ್ಯೋತಿಯ ನಿಶ್ಚಿತಾರ್ಥಕ್ಕೆಂದು ಅವರ ಹೆಂಡತಿ ಜಯದೇವಿ ಟೆರೇಸಿನಲ್ಲಿ ಒಣಗಲಿಟ್ಟಿದ್ದ ಸಂಡಿಗೆ ಪುನಃ ಹಿಟ್ಟಾಗಿ, ಮೆಟ್ಟಿಲ ಮೇಲೆ ಗಂಭೀರವಾಗಿ ಇಳಿಯುತ್ತಿತ್ತು. ಕಾವ್ಯ ನೀರಸ ಅನ್ನುವವರು ಅಂದು ಅಲ್ಲಿರಬೇಕಿತ್ತು. ನೀರೂ ಇತ್ತು, ರಸವೂ ಇತ್ತು! ಸ್ವಿಚ್ಚಿದ್ದುದು ಕೆಳಗೆ. ತಿರುಮಲ ಓಡಿದರು, ಜಾರಿದರು. ಕವಿ ನಡೆದು ಇಳಿದ ನರಕವನ್ನು ಅವರು ಕುಳಿತೇ ಇಳಿದರು!

ಕೊನೆಯ ಮೆಟ್ಟಿಲ ಬಳಿ ಜಯಲಕ್ಷ್ಮೀ ಚೀಲ ಹಿಡಿದು ನಿಂತಿದ್ದಳು. ಸುಮೇಧಾ ಮೋಟರ್ ಆರಿಸಿ, ಸಂಪಿನೊಳಗೆ ಇಣುಕಿ, "ಅಪ್ಪಾ, ತಣ್ಣಿ ಎಲ್ಲಾಂ ಪೋಚ್ಚು! ನೀರೆಲ್ಲ ಖಾಲಿ!" ಎಂದಳು.

"ನಾಳೆ ಬೆಳಿಗ್ಗೆ ಲಾರಿ ಬಂದ ಕೂಡ್ಲೆ ಜಯದೇವಿಯವರ ಜೊತೆ ಕೂತು ನೀವೇ ಸಂಡಿಗೆ ಇಡ್ತೀರಿ," ಎಂದಳು ಜಯಲಕ್ಷ್ಮೀ.

"ಅಯ್ಯೋ, ಸಂಜೆ ಉಪನ್ಯಾಸ ಕಣೆ! ನಾನಿನ್ನೂ ನರಕದ ಬಾಗಿಲಲ್ಲೇ ಇದೀನಿ!"

"ನಾನು ಹೋದ ವಾರಾನೇ ಸ್ವರ್ಗ ಮುಟ್ಟಿದೆ."

"ಆಂ?"

"ನೀವು ಆಫೀಸಿಗೆ ಹೋದಾಗ ಓದ್ಬಿಟ್ಟೆ. ಪದ್ಯ ಮಾತ್ರ. ಟಿಪ್ಪಣಿ ಕಡೆ ತಿರುಗಿಯೂ ನೋಡಲಿಲ್ಲ. ಸಲೀಸಾಗಿ ಹೋಗತ್ತೆ."

ತಿರುಮಲ ನೀರಲ್ಲಿ ಕುಳಿತೇ ಕೈಮುಗಿದರು. "ಹಾಗಾದ್ರೆ ಹೇಳೇ, ಕವಿ ಸ್ವರ್ಗಕ್ಕೆ ಹೋಗೋದು ಹೇಗೆ?"

"ಒಬ್ಬ ಹೆಂಗಸು ಬಂದು ಕರ್ಕೊಂಡು ಹೋಗ್ತಾಳೆ. ಅದಕ್ಕೆ ಮುಂಚೆ ಅವನನ್ನ ನಿಲ್ಲಿಸ್ಕೊಂಡು ಚೆನ್ನಾಗಿ ಬೈತಾಳೆ. ಅವನು ತಲೆ ತಗ್ಗಿಸಿ ಅಳ್ತಾನೆ."

ತಿರುಮಲ ತಲೆ ತಗ್ಗಿಸಿದರು. "ಆಮೇಲೆ?"

"ಆಮೇಲಿಂದು ಆಮೇಲೆ. ಬೈಯೋದು ಇನ್ನೂ ಮುಗ್ದಿಲ್ಲ!"