ಮಾರಾಟವಾಗದ ಗೋಲ್‌ಕೀಪರ್

ಜಂಬ ಕೊಚ್ಚಿಕೊಳ್ಳಬಾರದು ಎಂದು ನಾನು ದಿನಾ ಬೆಳಿಗ್ಗೆ ನಿರ್ಧಾರ ಮಾಡುತ್ತೇನೆ. ಕಾಫಿ ಕುಡಿಯುವ ತನಕ ಅದು ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಯಾರಾದರೂ ಏನಾದರೂ ಅಂದುಬಿಡುತ್ತಾರೆ. ಈಚೆಗೆ ನನ್ನ ಬಾಮೈದನ ಮಗಳು ದಿವ್ಯ ರಜಕ್ಕೆಂದು ನಮ್ಮ ಮನೆಗೆ ಬಂದಿದ್ದಳು. ಅವಳ ಫೋನಿನಲ್ಲಿ ಒಂದು ಗುಂಪಿದೆಯಂತೆ. ಅದರಲ್ಲಿ ಇರುವವರೆಲ್ಲ ಮನೆಯಲ್ಲಿ ಕೂತುಕೊಂಡೇ ಫುಟ್‌ಬಾಲ್ ತಂಡ ಕಟ್ಟುತ್ತಾರಂತೆ. ಎಲ್ಲೋ ದೂರದ ದೇಶದಲ್ಲಿ ಯಾರೋ ನಿಜವಾಗಿ ಆಡಿ ಬೆವರು ಸುರಿಸಿದರೆ ಇವರಿಗೆ ಇಲ್ಲಿ ಪಾಯಿಂಟು ಬರುತ್ತದಂತೆ. "ನಾನೇ ಅಡ್ಮಿನ್ ಮಾವ. ಹೀಗೆ ಜನಾನ ಒಂದುಗೂಡಿಸೋದು ಎಷ್ಟು ಕಷ್ಟ ಗೊತ್ತಾ? ನಿಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಬಿಡಿ" ಅಂದಳು. ನಾನು ಕಾಫಿ ಲೋಟ ಕೆಳಗಿಟ್ಟೆ. ಅಡುಗೆಮನೆಯಿಂದ ನನ್ನ ಹೆಂಡತಿ ಸುಶೀಲ, "ಶುರುವಾಯ್ತು" ಅಂದಳು.

ಹೌದು, ಶುರುವಾಗಲೇಬೇಕು. ಯಾಕೆಂದರೆ ಇಂಟರ್ನೆಟ್ಟಿನಲ್ಲಿ ಫುಟ್‌ಬಾಲ್ ತಂಡಗಳ ಬಳಗ ಕಟ್ಟಿದ ಈ ಸೀಮೆಯ ಮೊದಲನೆಯ ಮನುಷ್ಯ ನಾನು. ಇದಕ್ಕೆ ದಾಖಲೆ ಇಲ್ಲ, ಆದರೆ ನನಗಿಂತ ಮೊದಲು ಕಟ್ಟಿದೆ ಎಂದು ಇದುವರೆಗೆ ಯಾರೂ ಎದುರಿಗೆ ಬಂದು ನಿಂತಿಲ್ಲ. ಸಾವಿರದ ಒಂಬೈನೂರ ತೊಂಬತ್ತೆಂಟರ ಮಾತು. ಶಿಡ್ಲಘಟ್ಟದಲ್ಲಿ ನನ್ನದೊಂದು ಟೈಪ್‌ರೈಟಿಂಗ್ ಶಾಲೆ ಇತ್ತು. ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯ ತನಕ ಕಚೇರಿಗಳಲ್ಲಿ ಕೂತು ಬೆರಳಾಡಿಸುತ್ತಿದ್ದ ಅರ್ಧಕ್ಕರ್ಧ ಜನ ನನ್ನ ಶಿಷ್ಯರೇ. ಬೆಳಗಿನ ಹೊತ್ತು ಹತ್ತಾರು ಮೆಷಿನ್ನುಗಳು ಒಟ್ಟಿಗೆ 'ಎ ಎಸ್ ಡಿ ಎಫ್ ಜಿ ಎಫ್' ಎಂದು ಕುಟ್ಟಲು ಶುರುಮಾಡಿದರೆ ಬೀದಿಯವರು ಮಲಗುವಂತಿರಲಿಲ್ಲ. ಆದರೆ ಕಾಲ ಬದಲಾಗಿತ್ತು. ಹುಡುಗರು ಕಂಪ್ಯೂಟರ್ ಕಂಪ್ಯೂಟರ್ ಅನ್ನತೊಡಗಿದರು. ಮೆಷಿನ್ನುಗಳ ಮೇಲೆ ಧೂಳು ಕೂತಿತು. ಬೆಂಗಳೂರಿನ ಯಾವುದೋ ಲೆಕ್ಕಪತ್ರದ ಕಚೇರಿಯಲ್ಲಿದ್ದ ಬಾಮೈದ ಪ್ರಕಾಶ, ಅಂದರೆ ಈ ದಿವ್ಯಳ ಅಪ್ಪ, ಅಲ್ಲಿ ಬಳಸಿ ಬಿಟ್ಟಿದ್ದ ಒಂದು ಕಂಪ್ಯೂಟರನ್ನು ತಂದು ನನ್ನ ಶಾಲೆಯಲ್ಲಿ ಕೂರಿಸಿ, ಫೋನಿನ ತಂತಿ ಜೋಡಿಸಿ, "ಭಾವ, ಇದು ಇಂಟರ್ನೆಟ್ಟು. ಆಷಾಢ ಮುಗಿಯೋದರೊಳಗೆ ನಾಲ್ಕು ಜನ ಬಂದು ಇದನ್ನ ಬಳಸಲಿಲ್ಲ ಅಂದ್ರೆ ವಾಪಸ್ ತಗೊಂಡು ಹೋಗ್ತೀನಿ" ಅಂದಿದ್ದ.

ಅವನು ಅಷ್ಟು ಹೇಳಿ ಹೋದ ಮಾರನೆಯ ದಿನವೇ ನಾನು ಪೇಂಟರನ್ನು ಕರೆಸಿ ಬೋರ್ಡಿನ ಮೇಲೆ 'ಮತ್ತು ಇಂಟರ್ನೆಟ್' ಎಂದು ಕೆಂಪಕ್ಷರದಲ್ಲಿ ಬರೆಸಿಬಿಟ್ಟೆ. ನನ್ನ ಸ್ವಭಾವವೇ ಹಾಗೆ, ಮೊದಲು ಬೋರ್ಡು, ಆಮೇಲೆ ವಿಚಾರ. ಜನ ಬಂದರು, ಬೋರ್ಡು ಓದಿದರು, ಹೋದರು. ಒಳಗೆ ಬಂದವರು ಕಂಪ್ಯೂಟರಿಗೆ ಸುಶೀಲ ಹೊಲಿದ ಹೂವಿನ ಗವಸನ್ನು ನೋಡಿ, "ಗವಸು ಚೆನ್ನಾಗಿದೆ ಮೇಷ್ಟ್ರೇ" ಅಂದರು. ಕಂಪ್ಯೂಟರು ವಾಪಸ್ಸು ಹೋದರೆ ಹೋಗಲಿ, ಆದರೆ ಬೋರ್ಡಿನ ಮೇಲಿನ ಆ ಎರಡು ಪದಗಳನ್ನು ಏಣಿ ಹಾಕಿ ಅಳಿಸುವಾಗ ಕೆಳಗೆ ನಿಂತು ನೋಡುವ ಬೀದಿಯ ಜನರಿಗೆ ಏನು ಹೇಳಲಿ? ಈ ಒಂದು ಚಿಂತೆ ನನ್ನನ್ನು ಹಗಲೂ ರಾತ್ರಿ ತಿನ್ನುತ್ತಿತ್ತು.

ಆಗ ಒದಗಿ ಬಂದದ್ದು ವಿಶ್ವಕಪ್ ಫುಟ್‌ಬಾಲ್. ಫುಟ್‌ಬಾಲಿಗೂ ನನಗೂ ಇದ್ದ ಸಂಬಂಧ ಚಿಕ್ಕದು. ಹೈಸ್ಕೂಲಿನಲ್ಲಿ ಒಮ್ಮೆ ಚೆಂಡು ಒದೆಯಲು ಹೋಗಿ ಚಪ್ಪಲಿ ಗೋಲಿನೊಳಗೆ ಹೋಗಿತ್ತು, ಚೆಂಡು ಇದ್ದಲ್ಲೇ ಇತ್ತು. ಆದರೆ ಪಕ್ಕದ ಬೀದಿಯ ರೀಲರು ನಜೀರ್ ಸಾಹೇಬರಿಗೆ ಆ ಆಟದ ಹುಚ್ಚು ವಿಪರೀತ. ಗೂಡಿನಿಂದ ರೇಷ್ಮೆ ನೂಲು ತೆಗೆಸುವ ಕಸುಬು ಅವರದು. ವ್ಯಾಪಾರಕ್ಕೆಂದು ಬಂಗಾಳದ ಕಡೆ ಹೋಗಿ ಬಂದಾಗ ಈ ಹುಚ್ಚು ಹತ್ತಿಸಿಕೊಂಡು ಬಂದಿದ್ದರು. ಕಲ್ಪನೆಯ ತಂಡ ಕಟ್ಟುವ ಆಟದ ಬಗ್ಗೆ ಇಂಗ್ಲಿಷ್ ಪೇಪರಿನಲ್ಲಿ ಬಂದಿದ್ದನ್ನು ನನಗೆ ತೋರಿಸಿ, "ಅರೆ ಮೇಷ್ಟ್ರೇ, ಇದನ್ನ ನಿಮ್ಮ ಡಬ್ಬದಾಗೆ ಆಡಕ್ಕೆ ಆಗಲ್ವಾ?" ಅಂದರು. ನನ್ನ ತಲೆಯಲ್ಲಿ ದೀಪ ಹತ್ತಿತು. ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ಕ್ಲಾಸು ಇಟ್ಟಿದ್ದ ಒಬ್ಬ ಹಳೆಯ ಶಿಷ್ಯ, ಚಿಂತಾಮಣಿಯಲ್ಲಿ ಎಸ್‌ಟಿಡಿ ಬೂತಿನ ಜೊತೆ ಕಂಪ್ಯೂಟರನ್ನೂ ಇಟ್ಟಿದ್ದ ಇನ್ನೊಬ್ಬ, ಗೌರಿಬಿದನೂರಿನ ಕಡೆಗೆ ಇನ್ನೊಬ್ಬಳು ಶಿಷ್ಯೆ ತೊಂಡೇಬಾವಿಯ ಸುಜಾತ, ಈ ಮೂವರನ್ನೂ ಸೇರಿಸಿಕೊಂಡೆ. ಸುಜಾತ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟು. ಊಟದ ಹೊತ್ತಿನಲ್ಲಿ ಕಚೇರಿಯ ಕಂಪ್ಯೂಟರ್ ಬಳಸಲು ಸಾಹೇಬರ ಅಪ್ಪಣೆ ಪಡೆದುಕೊಂಡಳು. ನಾಲ್ಕು ಊರು, ನಾಲ್ಕು ತಂಡ. ಶಿಡ್ಲಘಟ್ಟಕ್ಕೆ ಯಜಮಾನ ನಾನೇ.

ಇ-ಮೇಲ್ ಪೆಟ್ಟಿಗೆ ತೆರೆಯುವಾಗ ನಾನು ಊರಿನ ಅಂಚೆಪೆಟ್ಟಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಊರಿಗೆಲ್ಲ ಒಂದು ಕೆಂಪು ಡಬ್ಬ ಸಾಕಾದರೆ ಒಂದು ಆಟಕ್ಕೆ ಒಂದು ಸಾಲದೇ? ಹಾಗಾಗಿ ಒಂದೇ ವಿಳಾಸ ಮಾಡಿ, ಅದರ ಪಾಸ್‌ವರ್ಡನ್ನು ಎಲ್ಲರಿಗೂ ಹೇಳಿಬಿಟ್ಟೆ. ಹೇಳುವ ಅಗತ್ಯವೂ ಇರಲಿಲ್ಲ. ಪಾಸ್‌ವರ್ಡು ಎ ಎಸ್ ಡಿ ಎಫ್ ಜಿ ಎಫ್. ನನ್ನ ಶಿಷ್ಯರಿಗೆ ಅದು ಮರೆತರೂ ಅವರ ಬೆರಳುಗಳಿಗೆ ಮರೆಯುವುದಿಲ್ಲ. ಯಾರೇ ಬರೆಯಲಿ, ನಮ್ಮ ಪೆಟ್ಟಿಗೆಯಿಂದ ನಮ್ಮ ಪೆಟ್ಟಿಗೆಗೇ ಬರೆಯಬೇಕು. ಯಾರೇ ತೆರೆಯಲಿ, ಎಲ್ಲರದ್ದನ್ನೂ ಓದಬೇಕು. ಇದರಲ್ಲಿ ತಪ್ಪೇನಾದರೂ ಇದೆ ಎಂದು ನನಗಾಗಲಿ ಅವರಿಗಾಗಲಿ ಹೊಳೆಯಲೇ ಇಲ್ಲ.

ಆಟಗಾರರನ್ನು ಹಂಚಿಕೊಳ್ಳಲು ಹರಾಜು ಮಾಡುವುದೆಂದು, ಕೂಗಲು ಒಂದೊಂದು ತಂಡಕ್ಕೂ ಇಷ್ಟೆಂದು ಕಲ್ಪನೆಯ ದುಡ್ಡು ಕೊಡುವುದೆಂದು ತೀರ್ಮಾನವಾಯಿತು. ಒಂದು ಮಧ್ಯಾಹ್ನ ಗೂಡಿನ ಮಾರುಕಟ್ಟೆ ಮುಗಿದ ಮೇಲೆ ನನ್ನ ಶಾಲೆಯಲ್ಲಿ ನಾಲ್ಕು ತಂಡದ ಯಜಮಾನರೂ ಸೇರಿದೆವು. ಕೂಗುವವರು ನಜೀರ್ ಸಾಹೇಬರು. ಮೊದಲನೆಯ ಆಟಗಾರನ ಹೆಸರನ್ನು ಅವರು ಕಷ್ಟಪಟ್ಟು ಓದಿ, "ಸರ್ಕಾರಿ ಸವಾಲ್!" ಎಂದು ಹರಾಜಿನ ಕೂಗು ಶುರುಮಾಡುವಷ್ಟರಲ್ಲಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ ವೆಂಕಟರೆಡ್ಡಿಯವರು ಕೈ ಎತ್ತಿ ತಡೆದರು. ಚಿಂತಾಮಣಿ ಕಡೆಯ ರೈತರು, ಮಾತಿನ ನಡುವೆ ತೆಲುಗು ನುಗ್ಗುತ್ತಿತ್ತು. ಆ ದಿನ ತಮ್ಮ ಗೂಡು ಮಾರಿ, ಇಲ್ಲೇನೋ ಹರಾಜಂತೆ ಎಂದು ಬಂದಿದ್ದರು.

"ಆಗಂಡಿ ಆಗಂಡಿ. ಈ ಮಾಲಿನ ರೈತ ಎಲ್ಲಪ್ಪಾ?"

"ರೈತ ಯಾರೂ ಇಲ್ಲ ರೆಡ್ಡಿಯವರೇ, ಇವನು ಫುಟ್‌ಬಾಲ್ ಆಡೋನು" ಅಂದೆ.

"ಯಾವನಾದ್ರೂ ಆಗ್ಲಿ. ನೀವು ಕೂಗ್ತೀರ, ಅವರು ಕೇಳ್ತಾರೆ. ಆ ಬೆಲೆ ಒಪ್ಪಿದೆ, ಒಪ್ಪಿಲ್ಲ ಅಂತ ಹೇಳೋನು ಬೇಡ್ವಾ? ದಿಕ್ಕಿಲ್ಲದ ಮಾಲಾ ಇದು? ಅನ್ಯಾಯ ಕದಾ!"

ನಮ್ಮ ಮಾರುಕಟ್ಟೆಯನ್ನು ಕಾಣದವರಿಗೆ ಇದನ್ನು ವಿವರಿಸಬೇಕು. ಅಲ್ಲಿ ರೀಲರುಗಳು ಗೂಡನ್ನು ಹಿಡಿಯಲ್ಲಿ ತೆಗೆದುಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ, ಎಷ್ಟು ಬೇಕಾದರೂ ಕೂಗಲಿ, ರೈತ ತಲೆ ಆಡಿಸದೆ ವ್ಯಾಪಾರ ಮುಗಿಯುವುದಿಲ್ಲ. ಒಪ್ಪದಿದ್ದರೆ ಅವನು ಮುಂದಿನ ಸುತ್ತಿಗೆ ಕಾಯಬಹುದು. ಹರಾಜು ಅಂದರೆ ಅಲ್ಲಿದ್ದ ಅಷ್ಟೂ ಜನಕ್ಕೆ ಇದೇ. ರೆಡ್ಡಿಯವರ ಮಾತಿಗೆ ಎಲ್ಲರೂ ಹೌದೆಂದರು. ಹಾಗಾಗಿ ಪ್ರತಿಯೊಬ್ಬ ಆಟಗಾರನಿಗೂ ಒಬ್ಬೊಬ್ಬ ರೈತನನ್ನು ಗೊತ್ತುಮಾಡಬೇಕಾಯಿತು. ಬೀದಿಯಲ್ಲಿ ಹೋಗುವವರನ್ನೆಲ್ಲ ಒಳಗೆ ಕರೆದೆವು. ಹೂ ಮಾರುವಾಕೆಗೆ ಒಬ್ಬ ಬ್ರೆಜಿಲ್‌ನವನು, ಬಸ್ ಏಜೆಂಟನಿಗೆ ಒಬ್ಬ ಹಾಲೆಂಡಿನವನು, ನಜೀರ್ ಸಾಹೇಬರ ಬೇಗಂ ಮನೆಯಿಂದಲೇ ಹೇಳಿಕಳಿಸಿ ಒಬ್ಬ ಮೊರಾಕ್ಕೋದವನನ್ನು ತೆಗೆದುಕೊಂಡರು. ವಿದೇಶದ ಹೆಸರುಗಳು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲವಾದ್ದರಿಂದ ಮಾರುಕಟ್ಟೆಯಲ್ಲಿ ಕರೆಯುವ ಹಾಗೆ ರೈತರ ಹೆಸರಿನಲ್ಲೇ ಕರೆದೆವು. ಅಂದಿನಿಂದ ಜಗತ್ತಿನ ಅತಿ ದೊಡ್ಡ ಆಟಗಾರರು ನಮಗೆ ರೆಡ್ಡಿಯವರ ಹುಡುಗ, ಬೇಗಂ ಸಾಹೇಬರ ಹುಡುಗ, ಏಜೆಂಟರ ಹುಡುಗ ಆಗಿಬಿಟ್ಟರು.

ಎಲ್ಲರಿಗೂ ಕಾಫಿ ತಂದ ಸುಶೀಲ ಪೇಪರಿನಲ್ಲಿದ್ದ ಆಟದ ಪಟವೊಂದನ್ನು ನೋಡಿ, "ಇವನ್ಯಾಕೆ ಒಬ್ಬನೇ ಹಿಂದೆ ನಿಂತಿದಾನೆ?" ಎಂದು ಕೇಳಿದಳು. ಅವನು ಗೋಲ್‌ಕೀಪರ್, ಬರುವ ಚೆಂಡನ್ನೆಲ್ಲ ತಡೆಯುವುದೇ ಅವನ ಕೆಲಸ ಎಂದೆ. "ಪಾಪ, ಉಳಿದೋರೆಲ್ಲ ಓಡಾಡ್ಕೊಂಡಿರ್ತಾರೆ, ಬೈಸಿಕೊಳ್ಳೋಕೆ ಇವನೊಬ್ಬ. ಇವನು ನನಗಿರಲಿ" ಅಂದಳು. ನಾನು ಎದೆಯುಬ್ಬಿಸಿ, ಮನೆಯ ಮಾಲು ಮನೆಗೇ ಬರುತ್ತದೆ ಎಂಬ ಧೈರ್ಯದಲ್ಲಿ, ಒಂದು ಬೆಲೆ ಕೂಗಿದೆ. ಸುಶೀಲ ಒಪ್ಪಲಿಲ್ಲ. ಏರಿಸಿದೆ. ಒಪ್ಪಲಿಲ್ಲ. ಎರಡನೆಯ ಸುತ್ತಿನಲ್ಲಿ ನನ್ನಲ್ಲಿ ಉಳಿದಿದ್ದನ್ನೆಲ್ಲ ಕೂಗಿದೆ. "ನಿಮ್ಮ ಕೈಗೆ ಕೊಟ್ರೆ ಅವನನ್ನ ಚೆನ್ನಾಗಿ ನೋಡ್ಕೊಳಲ್ಲ ರೀ. ನೀವು ತಂದ ಕನಕಾಂಬರದ ಗಿಡ ಏನಾಯ್ತು?" ಅಂದುಬಿಟ್ಟಳು ಅಷ್ಟು ಜನರ ಎದುರಿಗೆ. ಅಷ್ಟರಲ್ಲಿ ಹರಾಜಿಗೆ ಇಟ್ಟಿದ್ದ ಉಳಿದ ಗೋಲ್‌ಕೀಪರುಗಳೆಲ್ಲ ಬೇರೆ ಊರುಗಳ ಪಾಲಾಗಿದ್ದರು. ಶಿಡ್ಲಘಟ್ಟದ ತಂಡ ಗೋಲ್‌ಕೀಪರ್ ಇಲ್ಲದೆ ಹತ್ತೇ ಜನರಲ್ಲಿ ಕಣಕ್ಕಿಳಿಯಿತು.

ಆಮೇಲೆ ನಮ್ಮ ಪೆಟ್ಟಿಗೆ ತುಂಬಿದ ರೀತಿ ನೋಡಬೇಕಿತ್ತು! ಆಟದ ಬಗ್ಗೆ ಬರೆದವರು ಕಡಿಮೆ. ರೈತರು, ನಾಲ್ಕೂ ಊರಿನಲ್ಲಿದ್ದ ಅವರ ನೆಂಟರಿಷ್ಟರು ಬರೆಸಿದ್ದೇ ಹೆಚ್ಚು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಕನ್ನಡದಲ್ಲಿ ತೆಲುಗು, ನಡುನಡುವೆ ಬೇಗಂ ಸಾಹೇಬರ ಉರ್ದು. 'ನಮ್ಮ ಹುಡುಗನನ್ನು ಚಿಕ್ಕಬಳ್ಳಾಪುರದವರು ಯಾಕೆ ಆಡಿಸದೆ ಕೂರಿಸಿದ್ದೀರಿ, ಕಾರಣ ಬೇಕು.' 'ಹುಡುಗನಿಗೆ ಕಾಲು ಉಳುಕಿದೆಯಂತೆ, ಎಣ್ಣೆ ಹಚ್ಚಲು ಯಾರೂ ಇಲ್ಲವೇ?' ಎಲ್ಲವೂ ಒಂದೇ ವಿಳಾಸದಿಂದ ಹೊರಟು ಒಂದೇ ವಿಳಾಸಕ್ಕೆ ಬರುತ್ತಿದ್ದರಿಂದ ಯಾರು ಯಾರನ್ನು ಬೈದರೆಂದು ತಿಳಿಯದೆ ಕೆಲವು ದಿನ ಎಲ್ಲರೂ ಎಲ್ಲರ ಮೇಲೂ ಮುನಿಸಿಕೊಂಡರು. ಕೊನೆಗೆ ಸುಜಾತ ಒಂದು ಕಟ್ಟಳೆ ಮಾಡಿದಳು. ಬೈಯುವ ಮೊದಲು ಊರು, ಹೆಸರು, ಯಾರ ಮನೆಯವರು ಎಂದು ಬರೆಯಬೇಕು. ಅದರಿಂದ ಬೈಗುಳ ಕಡಿಮೆಯಾಗಿ ನೆಂಟಸ್ತಿಕೆ ಹೆಚ್ಚಿತು. ಮಂಡಿಕಲ್ಲಿನ ಒಬ್ಬರು ಸುಜಾತಳ ಸೋದರತ್ತೆಗೆ ಬೀಗರಾಗಬೇಕೆಂದು ಆಗಲೇ ಗೊತ್ತಾದದ್ದು. ನನ್ನ ಶಾಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂರಲು ಸರದಿ ನಿಲ್ಲುತ್ತಿದ್ದರು. ಬೋರ್ಡಿನ ಕೆಂಪಕ್ಷರಗಳನ್ನು ನಾನು ದಿನಾ ಬೆಳಿಗ್ಗೆ ರಸ್ತೆಯ ಆಚೆ ನಿಂತು ನೋಡುತ್ತಿದ್ದೆ. ಹೆಮ್ಮೆಯಿಂದ ಎದೆ ತುಂಬಿ ಬರುತ್ತಿತ್ತು.

ಫೈನಲಿಗೆ ಕೆಲವು ದಿನ ಇರುವಾಗ ಪ್ರಕಾಶ ಬಂದ. ಆ ಹೊತ್ತಿನಲ್ಲಿ ಶಾಲೆ ಖಾಲಿ ಇತ್ತು, ಗವಸು ಮುಚ್ಚಿತ್ತು. ಅವನ ಮುಖದಲ್ಲಿ 'ನಾನು ಅಂದುಕೊಂಡ ಹಾಗೇ ಆಯಿತು' ಎಂಬ ಕಳೆ. ನಾನು ಗಡಿಬಿಡಿಯಲ್ಲಿ ನಮ್ಮ ಪೆಟ್ಟಿಗೆ ತೆರೆದು ತೋರಿಸಿದೆ. ಒಂದೇ ಪಾಸ್‌ವರ್ಡು ನಾಲ್ಕು ಊರಿಗೆ ಗೊತ್ತಿದೆ ಎಂದು ಕೇಳಿ ಅವನು ತಲೆಯ ಮೇಲೆ ಕೈ ಇಟ್ಟುಕೊಂಡ. "ಭಾವ, ಇದು ಮನೆ ಬೀಗದ ಕೈನ ಬಸ್‌ಸ್ಟ್ಯಾಂಡಿನಲ್ಲಿ ನೇತುಹಾಕಿದ ಹಾಗೆ!" ಎಂದು, ನನ್ನನ್ನು ಕೇಳುವ ಮೊದಲೇ ಪಾಸ್‌ವರ್ಡು ಬದಲಾಯಿಸಿ, ನಾಲ್ಕೂ ಊರಿಗೆ ಬೇರೆ ಬೇರೆ ಪೆಟ್ಟಿಗೆ ಮಾಡಿ, ಫೋನಿನಲ್ಲಿ ಎಲ್ಲರಿಗೂ ಅವರವರದ್ದನ್ನು ತಿಳಿಸಿದ. "ಈಗ ಸರಿಯಾಯ್ತು. ಆಷಾಢ ಮುಗಿಯೋ ತನಕ ಯಾಕೆ, ಭಾನುವಾರವೇ ಬಂದು ನೋಡ್ತೀನಿ. ಜನ ಇದ್ರೆ ಸರಿ, ಇಲ್ಲಾಂದ್ರೆ ಗಾಡಿ ತರ್ತೀನಿ" ಎಂದು ಹೊರಟುಹೋದ.

ಮರುದಿನದಿಂದ ಮೌನ. ಎಲ್ಲರಿಗೂ ಸ್ವಂತ ಪೆಟ್ಟಿಗೆ ಇತ್ತು, ಪಕ್ಕದವರ ಪೆಟ್ಟಿಗೆಯ ವಿಳಾಸ ಯಾರಿಗೂ ಗೊತ್ತಿರಲಿಲ್ಲ. ಕೇಳಿ ತಿಳಿಯೋಣವೆಂದರೆ ಅವಮಾನ. ನಮ್ಮನ್ನು ಬೇರೆ ಇಟ್ಟರಲ್ಲ ಎಂದು ಒಂದೊಂದು ಊರೂ ಮುನಿಸಿಕೊಂಡು ಕೂತಿತು. ನಾನು ಗಳಿಗೆಗೊಮ್ಮೆ ಪೆಟ್ಟಿಗೆ ತೆರೆಯುತ್ತಿದ್ದೆ, ಖಾಲಿ. ಜಗಳವಾಡಲು ಕೂಡ ಯಾರೂ ಇಲ್ಲದ ಆ ದಿನಗಳಲ್ಲಿ ನನಗೆ ನಿಜವಾಗಿ ಅಳು ಬಂತು. ಶನಿವಾರ ಸಂಜೆ ಪೇಂಟರನ್ನು ಕಂಡು, ಸೋಮವಾರ ಏಣಿ ತಂದಿರು ಎಂದು ಹೇಳಿ ಬಂದೆ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ವೆಂಕಟರೆಡ್ಡಿಯವರು ಇಳಿದರು. ಹಿಂದೆ ಚಿಂತಾಮಣಿಯ ಇನ್ನಷ್ಟು ಜನ. "ಏನ್ ಮೇಷ್ಟ್ರೇ, ನಮ್ಮನ್ನ ಆಚೆ ಹಾಕಿಬಿಟ್ರಂತೆ? ನನ್ನ ಹುಡುಗ ಇವತ್ತು ಫೈನಲ್ ಆಡ್ತಾನೆ. ನಾನು ಯಾರ ಹತ್ರ ಹೇಳ್ಕೊಳ್ಲಿ?" ಎಂದು ಬಾಗಿಲಲ್ಲೇ ಜೋರು ಮಾಡಿದರು. ಹಿಂದೆಯೇ ಸುಜಾತ ಗೌರಿಬಿದನೂರಿನವರನ್ನು ಕಟ್ಟಿಕೊಂಡು, ಚಿತ್ರಾನ್ನದ ಡಬ್ಬಗಳ ಸಮೇತ ಬಂದಳು. ಚಿಕ್ಕಬಳ್ಳಾಪುರದವರು ಬಂದರು. ನಜೀರ್ ಸಾಹೇಬರ ಬೇಗಂ ಅಷ್ಟು ಜನಕ್ಕೂ ಚಹಾ ಕಳಿಸಿದರು. ಮುಖ ನೋಡದೆ ತಿಂಗಳೊಪ್ಪತ್ತು ಬೈದಾಡಿಕೊಂಡವರು ಈಗ ಮುಖ ನೋಡಿ, "ಓ, ನೀವೇನಾ ಅವರು!" ಎಂದು ನಗುತ್ತಿದ್ದರು. ಶಾಲೆಯಲ್ಲಿ ಜಾಗ ಸಾಲದೆ ಜನ ಬೀದಿಯಲ್ಲಿ ನಿಂತಿದ್ದಾಗ ಪ್ರಕಾಶ ಗಾಡಿ ತಂದ. ಇಳಿದು ನೋಡಿ, "ಯಾರಾದ್ರೂ ಹೋಗಿಬಿಟ್ರಾ ಅಕ್ಕ?" ಎಂದು ಗಾಬರಿಯಿಂದ ಸುಶೀಲಳನ್ನು ಕೇಳಿದ. "ಯಾರೂ ಹೋಗಿಲ್ಲ ಕಣೋ. ಎಲ್ಲಾ ಬಂದಿದಾರೆ. ಮೊದಲು ಆ ಹಳೇ ಬೀಗ ಹಾಕಿ ಕೊಡು" ಅಂದಳು. ಅವನು ಜನರ ನಡುವೆ ನುಸುಳಿಕೊಂಡು ಹೋಗಿ ಎ ಎಸ್ ಡಿ ಎಫ್ ಜಿ ಎಫ್ ಒತ್ತಿದ. ಗಾಡಿ ಖಾಲಿ ವಾಪಸ್ಸಾಯಿತು. ಹೊರಡುವ ಮುಂಚೆ ನನ್ನನ್ನು ಮೂಲೆಗೆ ಕರೆದು ಮೆಲ್ಲಗೆ, "ಭಾವ, ನನಗೂ ಒಬ್ಬ ಹುಡುಗ ಸಿಕ್ತಾನಾ?" ಅಂದ. ಆ ಕೆಂಪಕ್ಷರಗಳು ಬಿಸಿಲಿಗೆ ತಾವಾಗಿ ಮಾಸುವ ತನಕ ಬೋರ್ಡಿನ ಮೇಲೆಯೇ ಇದ್ದವು.

ಇಷ್ಟನ್ನೂ ದಿವ್ಯ ಬಾಯಿ ಬಿಟ್ಟುಕೊಂಡು ಕೇಳಿದಳು. ನಾನು ಗೆದ್ದವನ ಹಾಗೆ ಲೋಟದ ತಳದಲ್ಲಿದ್ದ ತಣ್ಣನೆಯ ಕಾಫಿ ಕುಡಿದೆ. "ಸೂಪರ್ ಮಾವ! ಸರಿ, ಕೊನೆಗೆ ಗೆದ್ದೋರು ಯಾರು?" ಅಂದಳು.

"ಅದು ಇನ್ನೂ ಪರಿಶೀಲನೆಯಲ್ಲಿದೆ" ಅಂದೆ.

"ಪರಿಶೀಲನೆಯಂತೆ!" ಅಡುಗೆಮನೆಯಿಂದ ಸುಶೀಲ ಬಂದೇಬಿಟ್ಟಳು. "ಗೆದ್ದಿದ್ದು ಗೌರಿಬಿದನೂರು. ಇವರು ಕೊನೆ. ಬಿಟ್ಟ ಗೋಲಿಗೆಲ್ಲ ಪಾಯಿಂಟು ಕಳೀಬೇಕು ಅಂತ ಕಾನೂನು ಮಾಡಿದ್ದೂ ಇವರೇ, ತಡೆಯೋನು ಇಲ್ಲದೆ ಇದ್ದಿದ್ದೂ ಇವರಿಗೇ. ಮಾರದೆ ಇಟ್ಕೊಂಡಿದ್ದ ನನ್ನ ಒಬ್ಬನೇ ಹುಡುಗ ಇವರ ಹತ್ತೂ ಜನಕ್ಕಿಂತ ಮೇಲಿದ್ದ ಕಣೇ."

ದಿವ್ಯ ಬಿದ್ದು ಬಿದ್ದು ನಕ್ಕಳು. ಆಮೇಲೆ ಕನಿಕರವಾಯಿತೋ ಏನೋ, ತನ್ನ ಗುಂಪಿಗೆ ನಮ್ಮಿಬ್ಬರನ್ನೂ ಸೇರಿಸಿ, ಈ ಸಲದ ಹರಾಜು ನಮ್ಮ ಪದ್ಧತಿಯಲ್ಲೇ ನಡೆಯಲಿ, ಪ್ರತಿ ಆಟಗಾರನಿಗೂ ಒಬ್ಬ ರೈತ ಇರಲಿ ಎಂದು ಘೋಷಿಸಿದಳು. ಅವಳ ಗೆಳೆಯರೆಲ್ಲ ಖುಷಿಯಿಂದ ಕುಣಿದರಂತೆ. ನನ್ನ ಹೆಮ್ಮೆಗೆ ಎಣೆಯೇ ಇರಲಿಲ್ಲ. ಇಷ್ಟು ವರ್ಷದ ಮೇಲಾದರೂ ಬುದ್ಧಿ ಬಂದವನಾಗಿ, ಹರಾಜು ಶುರುವಾದ ಕೂಡಲೇ ಬೇರೆ ಯಾರ ಗೊಡವೆಗೂ ಹೋಗದೆ, ಮೊಟ್ಟಮೊದಲು ಒಬ್ಬ ಗೋಲ್‌ಕೀಪರನಿಗೆ ನನ್ನಲ್ಲಿದ್ದ ಅಷ್ಟನ್ನೂ ಕೂಗಿ, ಕಣ್ಣು ಮುಚ್ಚಿಕೊಂಡು ಕೂತೆ. ಫೋನು ಟಿಣ್ ಎಂದಿತು. ಪಕ್ಕದ ಕೋಣೆಯಿಂದ ಸುಶೀಲ ಬರೆದಿದ್ದಳು, "ರೈತರು ಒಪ್ಪಿಲ್ಲ."