ಉಸಿರು ಬಿಗಿಹಿಡಿದು ಹೊಲಿಸಿದ ಸೂಟು

"ಇನ್ನು ಮುಂದೆ ಈ ಊರು ಬೇರೊಬ್ಬ ಮನುಷ್ಯನನ್ನು ನೋಡಲಿದೆ!"

ಬೀರುವಿನ ಕನ್ನಡಿಯ ಮುಂದೆ ನಿಂತು, ಬಲಗೈ ಮೇಲೆತ್ತಿ ನಾನು ಹೀಗೆ ಘೋಷಿಸಿದಾಗ ನನಗೆ ಐವತ್ತು ತುಂಬಲು ಕೆಲವೇ ತಿಂಗಳಿದ್ದವು. ಅಡುಗೆಮನೆಯಿಂದ ಹೆಂಡತಿಯ ಉತ್ತರ ಬಂತು.

"ಒಳ್ಳೇದಾಯ್ತು. ಆ ಬೇರೊಬ್ಬ ಮನುಷ್ಯನಾದ್ರೂ ಬರೋವಾಗ ಹಾಲು ತರೋದನ್ನ ಮರೀದೇ ಇದ್ರೆ ಸಾಕು."

ಮಹತ್ಕಾರ್ಯಗಳ ಆರಂಭದಲ್ಲಿ ಇಂಥ ವಿಘ್ನಗಳು ಸಹಜ. ನಾನು ವಿಚಲಿತನಾಗಲಿಲ್ಲ. ಹಿಂದಿನ ಸಂಜೆ ಫೋಟೋ ಸ್ಟುಡಿಯೋದಲ್ಲಿ ನನ್ನ ಆತ್ಮಗೌರವಕ್ಕೆ ಬಿದ್ದ ಪೆಟ್ಟು ಇನ್ನೂ ಹಸಿಯಾಗಿತ್ತು.

ನಡೆದದ್ದಿಷ್ಟು. ನನ್ನ ಹೆಂಡತಿ ಊರಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ಮೇಟ್ರನ್ ಆಗಿ ಬಡ್ತಿ ಸಿಕ್ಕಿತ್ತು. ಅಂದರೆ, ಅಲ್ಲಿನ ಅಷ್ಟೂ ನರ್ಸುಗಳಿಗೆ ಇನ್ನು ಅವಳೇ ಹಿರಿಯಳು. ಆಸ್ಪತ್ರೆಯವರು ಹೊರತರುವ ಪತ್ರಿಕೆಗೆ ಗಂಡ ಹೆಂಡಿರ ಫೋಟೋ ಒಂದು ಬೇಕೆಂದರು. ಹೋದೆವು. ಸ್ಟುಡಿಯೋದವನು ದೀಪ ಸರಿಮಾಡಿ, ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಬಹಳ ವಿನಯದಿಂದ ಕುರ್ಚಿಯೊಂದನ್ನು ತಂದಿಟ್ಟ.

"ತಂದೆಯವರು ಕೂತ್ಕೊಳ್ಳಲಿ. ಮೇಡಂ, ನೀವು ಹಿಂದೆ ನಿಂತು ಅವರ ಹೆಗಲ ಮೇಲೆ ಕೈ ಇಡಿ."

ತಂದೆಯವರು ಎಲ್ಲಿದ್ದಾರೆಂದು ನಾನು ಹಿಂದೆ ತಿರುಗಿ ನೋಡಿದೆ. ಗೋಡೆಯಿತ್ತು!

ನನ್ನ ಹೆಂಡತಿ ನಗು ತಡೆಯಲಾರದೆ ದೀಪದ ಕಂಬವನ್ನು ಹಿಡಿದುಕೊಂಡಳು. ಕಂಬವೂ ಅವಳ ಜೊತೆಗೆ ಅಲುಗಾಡಿತು. ನಾನು ಘನತೆಯಿಂದ ಹೊರಬಂದೆ.

"ಇವತ್ತು ಫೋಟೋ ಬೇಡ. ನೀನು ಮೇಟ್ರನ್ ಆಗೋ ದಿನ, ಸಮಾರಂಭದಲ್ಲೇ ತೆಗೆಸೋಣ. ಆ ಫೋಟೋ ನೋಡಿದವರು ಯಾರೇ ಆಗಲಿ, ಇವರು ಈಕೆಯ ಗಂಡ ಅಂತ ಥಟ್ಟನೆ ಹೇಳಬೇಕು!"

"ಆಯ್ತು ಬಿಡಿ. ನನಗೇನೋ ಗೊತ್ತಿದೆಯಲ್ಲ."

"ನಿನಗೆ ಗೊತ್ತಿದ್ದರೆ ಸಾಲದು. ಜಗತ್ತಿಗೆ ಗೊತ್ತಾಗಬೇಕು!"

ಸ್ಟುಡಿಯೋದವನನ್ನು ದೂರಿ ಫಲವಿಲ್ಲ. ನನಗಿಂತ ಮೂರೇ ವರ್ಷ ಚಿಕ್ಕವಳಾದ ಈ ಹೆಂಗಸು ಅದು ಹೇಗೋ ವಯಸ್ಸಿನ ಜೊತೆ ಒಳ್ಳೆಯ ಒಪ್ಪಂದ ಮಾಡಿಕೊಂಡಿದ್ದಳು. ಅವಳ ಬೀರುವಿನಲ್ಲಿ ಬಟ್ಟೆಗಳು ಕಡಿಮೆ. ಆದರೆ ಇರುವ ಒಂದೊಂದೂ ಅವಳಿಗೆಂದೇ ನೇಯ್ದು ಹೊಲಿದಂತೆ ಇರುತ್ತಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಸೊಂಟದವರೆಗಿದ್ದ ಕೂದಲನ್ನು ಹೆಗಲಿನವರೆಗೆ ಕತ್ತರಿಸಿಕೊಂಡು ಬಂದಳು. "ರೋಗಿಗಳ ಮೇಲೆ ಬಗ್ಗಿದಾಗ ಮುಖಕ್ಕೆ ಬೀಳ್ತಿತ್ತು" ಅಂದಳು. ನಾನು ಒಂದು ವಾರ ಶೋಕಾಚರಣೆ ಮಾಡಿದೆ. ಎರಡನೆಯ ವಾರದಿಂದ ಅವಳು ಬಸ್ಸಿಳಿದು ನಡೆದು ಬರುವುದನ್ನು ನೋಡಲು, ಕೆಲಸವಿಲ್ಲದಿದ್ದರೂ ಗೇಟಿನ ಬಳಿ ನಿಲ್ಲತೊಡಗಿದೆ. ಹಣೆಯ ಮೇಲಿದ್ದ ಬೆಳ್ಳಿಗೂದಲಿನ ಒಂದು ಎಳೆಗೆ ಅವಳು ಬಣ್ಣ ಹಚ್ಚಲಿಲ್ಲ, ಅದನ್ನು ಅಡಗಿಸಿಡಲೂ ಇಲ್ಲ. ಹಳೆಯ ದಪ್ಪ ಚೌಕಟ್ಟಿನ ಕನ್ನಡಕ ಹೋಗಿ ಕೆಂಪು ಚೌಕಟ್ಟಿನದು ಬಂತು. ಅಷ್ಟೇ! ಮನೆಗೆ ಹೊಸದಾಗಿ ಸುಣ್ಣ ಹೊಡೆದ ಹಾಗಾಯಿತು.

ಇನ್ನು ನನ್ನ ವಿಷಯ. ನಾನು ಹೈಸ್ಕೂಲಿನಲ್ಲಿ ವ್ಯಾಕರಣ ಹೇಳಿಕೊಡುವ ಮೇಷ್ಟ್ರು. ನನ್ನ ಪ್ಯಾಂಟುಗಳೆಲ್ಲ ಪಕ್ಕೆಲುಬಿನ ಕೆಳಗೇ ಆರಂಭವಾಗುತ್ತಿದ್ದವು. ಎರಡು ಕಾಲಿನಲ್ಲೂ ಬೇಕಾದಷ್ಟು ಗಾಳಿ ಬೆಳಕು. ಮೇಲೊಂದು ನೆನೆದ ಗೋಣಿಯ ಬಣ್ಣದ ಸ್ವೆಟರು. ಅದರ ಮೊಣಕೈಯಲ್ಲಿ ಸೀಮೆಸುಣ್ಣದ ಪುಡಿ ಶಾಶ್ವತವಾಗಿ ನೆಲೆಸಿತ್ತು. ಇಷ್ಟರಲ್ಲಿ ನಾನು ಸುಖವಾಗಿದ್ದೆ, ಆ ಕುರ್ಚಿ ಬರುವವರೆಗೆ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ನಾಟಕದ ಮೇಷ್ಟ್ರನ್ನು ಹಿಡಿದೆ. ಮಕ್ಕಳಿಗೆ ನಾಟಕ ಕಲಿಸುವ ಈ ಮಹಾಶಯರು ನಮ್ಮ ಶಾಲೆಯ ಮಟ್ಟಿಗೆ ಉಡುಗೆ ತೊಡುಗೆಯ ಸರ್ವೋಚ್ಚ ನ್ಯಾಯಾಲಯ. ಅವರು ನನ್ನ ಸುತ್ತ ಒಂದು ಸುತ್ತು ಬಂದರು.

"ಸಾರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಪ್ಯಾಂಟೊಳಗೆ ಇನ್ನೊಬ್ಬರನ್ನ ಬಾಡಿಗೆಗೆ ಇಡಬಹುದು."

"ಹಾಗಾದರೆ ಪರಿಹಾರ?"

"ಮೈಗೆ ಹಿಡಿದ ಹಾಗೆ ಒಂದು ಸೂಟು. ಕಡುನೀಲಿ. ಹಾಕ್ಕೊಂಡ್ರೆ ಬಾಣದ ಹಾಗೆ ಕಾಣಬೇಕು ನೀವು! ಮತ್ತೆ ಈ ಹಳೇ ಬಟ್ಟೆ ಒಂದನ್ನೂ ಮನೇಲಿ ಇಟ್ಕೋಬೇಡಿ. ಇಟ್ಕೊಂಡ್ರೆ ಮನಸ್ಸು ಮತ್ತೆ ಅದಕ್ಕೇ ಹೋಗುತ್ತೆ."

"ಅವನ್ನೆಲ್ಲ ಏನು ಮಾಡಲಿ?"

ನಾಟಕದ ಮೇಷ್ಟ್ರ ಕಣ್ಣು ಹೊಳೆಯಿತು. "ನನಗೆ ಕೊಡಿ ಸಾರ್! ಜಿಪುಣ ಮುದುಕನ ಪಾತ್ರಕ್ಕೆ ಎಷ್ಟು ದಿನದಿಂದ ಹುಡುಕ್ತಾ ಇದ್ದೀನಿ!"

ನೋವಾಯಿತು. ಆದರೂ ಕೊಟ್ಟೆ. ಇದ್ದಬದ್ದ ಪ್ಯಾಂಟುಗಳನ್ನೂ ಆ ಸ್ವೆಟರನ್ನೂ ಗಂಟು ಕಟ್ಟಿ ಹೊತ್ತೊಯ್ದು ನಾಟಕದ ಪೆಟ್ಟಿಗೆಗೆ ಸುರಿದೆ. ಶಾಲೆಗೆ ಹೋಗಿಬರಲು ಒಂದು ಪ್ಯಾಂಟನ್ನು ಮಾತ್ರ ಉಳಿಸಿಕೊಂಡೆ. ಅದನ್ನೂ ಸಮಾರಂಭದ ಹಿಂದಿನ ದಿನ ಕೊಟ್ಟುಬಿಡುವೆನೆಂದು ಮಾತುಕೊಟ್ಟೆ, ಕೊಟ್ಟೂಬಿಟ್ಟೆ. ಅಂದು ತಾಲೀಮು ನಡೆಯುತ್ತಿತ್ತು. ವೇದಿಕೆಯ ಮೇಲೆ ನನ್ನದೇ ಸ್ವೆಟರು, ನನ್ನದೇ ಪ್ಯಾಂಟು ತೊಟ್ಟ ಹುಡುಗನೊಬ್ಬ ಕೆಮ್ಮುತ್ತಾ ಬಂದ. ಅವನು ಬಾಯಿ ತೆರೆಯುವ ಮೊದಲೇ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಹಾ, ಎಂಥ ಸರಿಯಾದ ಸಮಯದಲ್ಲಿ ನಾನು ಅವನ್ನು ಕಳಚಿಕೊಂಡೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಷ್ಟರಲ್ಲಿ ಸೂಟಿನ ಅಳತೆ ಕೊಟ್ಟಾಗಿತ್ತು. ಎಡವಟ್ಟಾದದ್ದು ಅಲ್ಲೇ.

ದರ್ಜಿ ಟೇಪನ್ನು ನನ್ನ ಹೊಟ್ಟೆಗೆ ಸುತ್ತಿದ ಕ್ಷಣದಲ್ಲಿ ನನ್ನ ಕಣ್ಣು ಎದುರಿನ ನಿಲುವುಗನ್ನಡಿಯ ಮೇಲೆ ಬಿತ್ತು. ಅಲ್ಲಿ ಕಂಡ ಉಬ್ಬು ನನಗೆ ಹಿಡಿಸಲಿಲ್ಲ. ಇರುವ ಉಸಿರನ್ನೆಲ್ಲ ಎದೆಗೆ ಎಳೆದುಕೊಂಡು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿದೆ. ಅದ್ಭುತ! ಕನ್ನಡಿಯಲ್ಲಿ ಬಾಣ ನಿಂತಿತ್ತು.

"ಉಸಿರು ಬಿಡಿ ಸಾರ್," ಅಂದ ದರ್ಜಿ.

ಆಗದೆಂದು ನಾನು ತಲೆಯಾಡಿಸಿದೆ.

"ಸಾರ್, ಮಾಮೂಲಿ ಇರೋ ಹಾಗೆ ಇರಿ."

"ನಾನು... ಇರೋದೇ... ಹೀಗೆ," ಎಂದೆ.

ಅವನು ಟೇಪನ್ನು ನೋಡಿದ, ನನ್ನನ್ನು ನೋಡಿದ, ಬಾಗಿಲಲ್ಲಿ ಕಾಯುತ್ತಿದ್ದ ಬೇರೆ ಗಿರಾಕಿಗಳನ್ನು ನೋಡಿದ. ಆಮೇಲೆ ಸುಮ್ಮನೆ ಬರೆದುಕೊಂಡ. ಮೇಷ್ಟ್ರ ಜೊತೆ ವಾದ ಮಾಡುವ ಅಭ್ಯಾಸ ಅವನಿಗೆ ಚಿಕ್ಕಂದಿನಲ್ಲೇ ಹೋಗಿತ್ತು. ನನ್ನ ಹಳೆಯ ವಿದ್ಯಾರ್ಥಿ!

ಸೂಟು ಕೈಸೇರಿದ್ದು ಸಮಾರಂಭದ ದಿನ ಬೆಳಗ್ಗೆ. ತೊಟ್ಟೆ. ಉಸಿರೆಳೆದು, ಬಾಗಿಲಿನ ಚೌಕಟ್ಟು ಹಿಡಿದು, ದೇಹವನ್ನು ಮೇಲಕ್ಕೆತ್ತಿ ಕೊಂಡಿ ಸಿಕ್ಕಿಸಿದೆ. ಕೋಟಿನ ಗುಂಡಿ ಹಾಕಿದೆ. ನಿಜ ಹೇಳುತ್ತೇನೆ, ಒಬ್ಬ ರಾಯಭಾರಿ ನಿಂತ ಹಾಗಿತ್ತು!

ಹೆಂಡತಿ ಸಿದ್ಧಳಾಗಿ ಬಂದಳು. ಮೇಟ್ರನ್ನರ ಬಿಳಿಯ ಸಮವಸ್ತ್ರ, ಗರಿಗರಿ ಕಾಲರು, ಎದೆಯ ಮೇಲೆ ಪಿನ್ನಿಗೆ ತೂಗುವ ಚಿಕ್ಕ ಗಡಿಯಾರ, ಕಾಲಿಗೆ ಮಟ್ಟಸವಾದ ಮೆತ್ತನೆಯ ಬೂಟು. ಒಡವೆಯಿಲ್ಲ, ಆಡಂಬರವಿಲ್ಲ. ಕೋಣೆಯೇ ಸ್ವಲ್ಪ ನೆಟ್ಟಗಾಯಿತು ಅನ್ನಿಸಿತು ನನಗೆ.

"ಚೆನ್ನಾಗಿದ್ದೀರಿ ಕಣ್ರೀ," ಅಂದಳು. ಆಮೇಲೆ ನರ್ಸಿನ ಕಣ್ಣು ಕೆಲಸ ಶುರುಮಾಡಿತು. "ಕೂತ್ಕೊಳ್ಳೋಕಾಗುತ್ತಾ?"

"ನಾನು... ನಿಲ್ಲುತ್ತೇನೆ."

"ಬಸ್ಸಲ್ಲಿ?"

"ನಿಲ್ಲುತ್ತೇನೆ."

"ಹಳೇದೇ ಹಾಕ್ಕೊಂಡು ಬನ್ನಿ. ಯಾರೇನೂ ಅನ್ನಲ್ಲ."

"ಹಳೆಯದು... ಇಲ್ಲ. ಮುದುಕ... ಹಾಕ್ಕೊಂಡಿದ್ದಾನೆ."

ಅವಳಿಗೆ ತಡವಾಗುತ್ತಿತ್ತು. ಹೊರಟೆವು.

ಆಸ್ಪತ್ರೆಯ ಸಭಾಂಗಣದಲ್ಲಿ ಜನ ಕಿಕ್ಕಿರಿದಿದ್ದರು. ಮೊದಲ ಸಾಲಿನಲ್ಲಿ ನನಗೊಂದು ಕುರ್ಚಿ ಕಾದಿರಿಸಿದ್ದರು. ನಾನು ಅದರ ಪಕ್ಕದಲ್ಲಿ ಕಂಬದಂತೆ ನಿಂತೆ. ಬಂದವರೆಲ್ಲ ಕುಶಲ ಕೇಳಿದರು. ಇಪ್ಪತ್ತೈದು ವರ್ಷ ಕರ್ತೃ, ಕರ್ಮ, ಕ್ರಿಯಾಪದ ಎಂದು ಬೊಬ್ಬೆ ಹೊಡೆದ ನಾಲಿಗೆಯಿಂದ ಅಂದು ಒಂದು ಪೂರ್ಣ ವಾಕ್ಯ ಹೊರಡಲಿಲ್ಲ. ಉಸಿರು ಸಾಲದೆ ಮೊದಲು ವಿಶೇಷಣಗಳನ್ನು ಬಿಟ್ಟೆ, ಆಮೇಲೆ ಕರ್ಮಪದವನ್ನು ಬಿಟ್ಟೆ; ಕೊನೆಗೆ ಬರಿಯ "ಹ್ಞೂಂ" ಉಳಿಯಿತು. ಹಣೆಯ ಮೇಲೆ ಬೆವರು ಸಾಲಾಗಿ ಇಳಿಯಿತು. ಮುಖ ಕೆಂಪಾಗಿ, ಆಮೇಲೆ ಸೂಟಿನ ಬಣ್ಣಕ್ಕೇ ತಿರುಗತೊಡಗಿತಂತೆ.

ವೇದಿಕೆಯ ಮೇಲೆ ಹಿರಿಯ ವೈದ್ಯರು ನನ್ನ ಹೆಂಡತಿಯನ್ನು ಹೊಗಳುತ್ತಿದ್ದರು. ಅವಳು ಕೈಯಲ್ಲಿ ಹೂಗುಚ್ಛ ಹಿಡಿದು ನಿಂತಿದ್ದಳು. ಇನ್ನೇನು ನನ್ನನ್ನು ಕರೆಯುತ್ತಾರೆ, ಪಕ್ಕದಲ್ಲಿ ನಿಲ್ಲುತ್ತೇನೆ, ಫೋಟೋ ತೆಗೆಯುತ್ತಾರೆ. ಇನ್ನು ಸ್ವಲ್ಪ ಹೊತ್ತು! ಅಷ್ಟರಲ್ಲಿ ಪಕ್ಕದಲ್ಲಿದ್ದ ಎಳೆಯ ಡಾಕ್ಟರೊಬ್ಬ ನನ್ನ ತೋಳು ಹಿಡಿದ.

"ಸಾರ್, ಎದೆ ಹಿಡಿದ ಹಾಗಿದೆಯಾ?"

"ಬಿಗಿ," ಎಂದೆ.

"ಎಲ್ಲಿ?"

"ಸುತ್ತ... ಲೂ."

"ಎಷ್ಟು ಹೊತ್ತಿನಿಂದ?"

"ಬೆಳಗ್ಗೆ... ಯಿಂದ."

"ಸ್ಟ್ರೆಚರ್!" ಎಂದು ಅವನು ಕೂಗಿದ ಕೂಗಿಗೆ ಹಿರಿಯ ವೈದ್ಯರ ಭಾಷಣ ಅಲ್ಲೇ ನಿಂತಿತು.

ಹೃದಯಾಘಾತವಾಗಲು ಆಸ್ಪತ್ರೆಯ ಸಭಾಂಗಣಕ್ಕಿಂತ ಪ್ರಶಸ್ತವಾದ ಜಾಗವಿಲ್ಲ. ಹೃದಯಾಘಾತವಾಗದೇ ಇರಲು ಅದಕ್ಕಿಂತ ಕೆಟ್ಟ ಜಾಗವೂ ಇಲ್ಲ! ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ವರು ನನ್ನನ್ನು ಎತ್ತಿದರು. "ನನಗೇನೂ..." ಎಂದೆ. "ಮಾತಾಡಬೇಡಿ!" ಎಂದು ಗದರಿದರು. ಚಕ್ರಗಳು ಓಡಿದವು. ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಹುಡುಗಿಯೊಬ್ಬಳು ಅಗಲವಾದ ಕತ್ತರಿ ತೆಗೆದಳು.

"ಬೇಡಮ್ಮಾ! ಹೊಸದು!"

ಕರ್... ಕರ್... ಕರ್... ಪಾದದಿಂದ ಸೊಂಟದವರೆಗೆ ಒಂದೇ ಗೀಟು ಎಳೆದಂತೆ ಹೋಯಿತು. ಕೊಂಡಿ ತುಂಡಾಗಿ ಎಲ್ಲಿಗೋ ಹಾರಿತು. ಮರುಕ್ಷಣ ಬೆಳಗ್ಗೆಯಿಂದ ಬಾಕಿಯಿದ್ದ ಉಸಿರೆಲ್ಲ ಒಟ್ಟಿಗೇ ಒಳಗೆ ನುಗ್ಗಿತು. ಬೆವರು ನಿಂತಿತು. ಮುಖಕ್ಕೆ ಬಣ್ಣ ಬಂತು. ಎಳೆಯ ಡಾಕ್ಟರ್ ಕೈಯಲ್ಲಿದ್ದ ಸೂಜಿಯನ್ನೂ ನನ್ನನ್ನೂ ಬೆರಗಿನಿಂದ ನೋಡಿದ.

"ಇನ್ನೂ ಔಷಧಿಯೇ ಕೊಟ್ಟಿಲ್ಲವಲ್ಲ!"

ಆಗ ಬಾಗಿಲು ದಡಾರನೆ ತೆರೆಯಿತು. ವೇದಿಕೆಯಿಂದ ಜಿಗಿದು, ಉದ್ದದ ಓಣಿಯಲ್ಲಿ ಎಲ್ಲರನ್ನೂ ಹಿಂದೆ ಹಾಕಿ, ಹೂಗುಚ್ಛವನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಹೆಂಡತಿ ಓಡಿಬಂದಿದ್ದಳು. ಇಸ್ತ್ರಿಯ ಒಂದು ಗೆರೆ ಕೆಟ್ಟಿರಲಿಲ್ಲ, ಒಂದು ಪಿನ್ನು ಜಾರಿರಲಿಲ್ಲ. ಆ ಬಟ್ಟೆಯಲ್ಲಿ ಓಡಬಹುದಿತ್ತು, ಬಗ್ಗಬಹುದಿತ್ತು, ಬಿದ್ದವರನ್ನು ಎತ್ತಬಹುದಿತ್ತು. ಅವಳ ಅಂದದ ಗುಟ್ಟು ನನಗೆ ಅಂಗಾತ ಮಲಗಿಕೊಂಡು ತಿಳಿಯಬೇಕಾಯಿತು.

ಅವಳು ನನ್ನ ನಾಡಿಯ ಮೇಲೆ ಬೆರಳಿಟ್ಟಳು. ಎಣಿಕೆ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದಳು. ಇಷ್ಟು ವರ್ಷಗಳಲ್ಲಿ ಅವಳ ಎಣಿಕೆ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ನಾಡಿ ನೋಡಿದಳು, ಕತ್ತರಿಸಿದ ಪ್ಯಾಂಟು ನೋಡಿದಳು, ನನ್ನ ಹೊಟ್ಟೆಯ ಮೇಲೆ ಸುತ್ತಲೂ ಮೂಡಿದ್ದ ಕೆಂಪು ಬರೆ ನೋಡಿದಳು. ಎಲ್ಲವೂ ಅರ್ಥವಾಯಿತು.

"ಸ್ಟುಡಿಯೋದವನು ಏನೋ ಒಂದು ಮಾತು ಅಂದ ಅಂತ ಇಷ್ಟೆಲ್ಲನಾ?"

"ನಿನ್ನ ಪಕ್ಕದಲ್ಲಿ ನಿಂತರೆ ಒಪ್ಪಬೇಕು ಅಂತ..." ಪೂರ್ಣ ವಾಕ್ಯ ಸಾಧ್ಯವಾಗಿದ್ದರೂ ಮುಗಿಸಲಾಗಲಿಲ್ಲ.

"ನನ್ನ ಪಕ್ಕದಲ್ಲಿ ನಿಲ್ಲೋರಿಗೆ ಉಸಿರಾಡೋಕೆ ಬಂದ್ರೆ ಸಾಕು ಕಣ್ರೀ," ಅಂದಳು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಫಳ್ ಎಂದು ಬೆಳಕು ಚೆಲ್ಲಿತು. ಪತ್ರಿಕೆಯ ಫೋಟೋದವರು ಅವಳ ಹಿಂದೆಯೇ ಓಡಿಬಂದಿದ್ದರು.

ಸಮಾರಂಭ ಮುಂದುವರಿಯಿತು. ಆಸ್ಪತ್ರೆಯವರು ಕೊಟ್ಟ, ಬೆನ್ನಿಗೆ ದಾರ ಕಟ್ಟುವ ರೋಗಿಗಳ ನಿಲುವಂಗಿಯನ್ನು ತೊಟ್ಟು, ಸಭಾಂಗಣದ ಕೊನೆಯಲ್ಲಿ ಗಾಲಿಕುರ್ಚಿಯ ಮೇಲೆ ಕೂತು ನಾನು ಚಪ್ಪಾಳೆ ತಟ್ಟಿದೆ. ಬಹಳ ಜೋರಾಗಿಯೇ ತಟ್ಟಿದೆ. ತೋಳಿಗೆ ಈಗ ಅಡ್ಡಿಯಿರಲಿಲ್ಲ.

ಆ ವಾರ ಅವಳೇ ನನ್ನನ್ನು ದರ್ಜಿಯ ಬಳಿಗೆ ಎಳೆದೊಯ್ದಳು. "ನೋಡಪ್ಪಾ, ಇವರು ಉಸಿರಾಡ್ತಾರೆ, ಊಟಾನೂ ಮಾಡ್ತಾರೆ. ಅದಕ್ಕೆ ತಕ್ಕ ಹಾಗೆ ಹೊಲಿ," ಎಂದಳು. ಪ್ಯಾಂಟು ಪಕ್ಕೆಲುಬಿನಿಂದ ಸೊಂಟಕ್ಕಿಳಿಯಿತು. ಕಾಲಿನ ಅಗಲ ಅರ್ಧವಾಯಿತು. ತಿಳಿಬೂದು ಬಣ್ಣದ ಅಂಗಿಯನ್ನು ಅವಳೇ ಆರಿಸಿದಳು. ಕನ್ನಡಿಯಲ್ಲಿ ಈಗ ಬಾಣವೂ ಇರಲಿಲ್ಲ, ರಾಯಭಾರಿಯೂ ಇರಲಿಲ್ಲ. ನೋಡಲು ಪರವಾಗಿಲ್ಲ ಎನ್ನಬಹುದಾದ ನಾನೇ ಇದ್ದೆ. ದಾರಿಯಲ್ಲಿ ನಾಟಕದ ಮೇಷ್ಟ್ರು ಎದುರಾಗಿ ಗುರುತು ಸಿಗದೆ ಮುಂದೆ ಹೋಗಿ, ವಾಪಸು ಬಂದು ಕೈಕುಲುಕಿದರು!

ಆ ಹುಮ್ಮಸ್ಸಿನಲ್ಲೇ ಒಂದು ಸಂಜೆ ಹೆಂಡತಿಯನ್ನು ಕರೆತರಲು ಆಸ್ಪತ್ರೆಗೆ ಹೋದೆ. ಬಾಗಿಲಲ್ಲಿ ಹೊಸ ಕಾವಲುಗಾರ. ಅವನ ಹಿಂದಿನ ಹಲಗೆಯ ಮೇಲೆ ಆಗಷ್ಟೇ ಬಂದ ಪತ್ರಿಕೆಯ ಮುಖಪುಟವನ್ನು ಅಂಟಿಸಿದ್ದರು. ನಮ್ಮ ಫೋಟೋ! ಅವಳು ದೀಪದಂತೆ ಬೆಳಗುತ್ತಿದ್ದಳು. ನನ್ನದು ಕೆದರಿದ ತಲೆ, ತೆರೆದ ಬಾಯಿ, ಒಂದೇ ಕಾಲಿನ ಪ್ಯಾಂಟು. ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: "ಅಧಿಕಾರ ವಹಿಸಿಕೊಂಡ ದಿನವೇ, ದಿಕ್ಕಿಲ್ಲದ ವೃದ್ಧರೊಬ್ಬರನ್ನು ಸಂತೈಸುತ್ತಿರುವ ನೂತನ ಮೇಟ್ರನ್."

ಕಾವಲುಗಾರ ನನ್ನ ಹೊಸ ಅಂಗಿಯನ್ನು ನೋಡಿ ಗೌರವದಿಂದ ಪಕ್ಕಕ್ಕೆ ಸರಿದ.

"ನೋಡಿದ್ರಾ ಸಾರ್? ಎಂಥ ತಾಯಿ! ಪಾಪ, ಆ ಅಜ್ಜ ಉಳ್ಕೊಂಡ್ರೋ ಇಲ್ವೋ?"

"ಉಳ್ಕೊಂಡ್ರು," ಎಂದೆ. "ಈಗ ಮೇಟ್ರನ್ನರ ಮನೆಯಲ್ಲೇ ಇದ್ದಾರೆ."

"ಮನೇಲೇ ಇಟ್ಕೊಂಡಿದ್ದಾರಾ!" ಅವನು ಬಾಯಿಯ ಮೇಲೆ ಕೈಯಿಟ್ಟುಕೊಂಡ. "ಈ ಕಾಲದಲ್ಲಿ ಇಂಥವರನ್ನ ಯಾರು ಸಾರ್ ಇಟ್ಕೋತಾರೆ?"

"ನನಗೂ ಅದೇ ಆಶ್ಚರ್ಯ ಕಣಪ್ಪಾ," ಎಂದೆ.