ಕೈಯಿಂದ ಕೈಗೆ ಕೊಟ್ಟ ಚಾಕು

ಜೇಬಿನಲ್ಲಿ ಚಾಕು ಇರುವ ಮನುಷ್ಯನ ನಡಿಗೆಯೇ ಬೇರೆ. ಐವತ್ತೆರಡು ವರ್ಷ ಚಾಕು ಇಲ್ಲದೆ ನಡೆದವನು ಹೇಳುತ್ತಿದ್ದೇನೆ, ನಂಬಿ. ನನ್ನದು ಮಡಚುವ ಚಾಕು. ಮರದ ಹಿಡಿ, ಬಿಚ್ಚಿದರೆ ಗಿಳಿಯ ಕೊಕ್ಕಿನ ಹಾಗೆ ಒಳಕ್ಕೆ ಬಾಗಿದ ಅಲಗು. ಗಿಡದ ಟೊಂಗೆ ಸವರಲಿಕ್ಕೆಂದೇ ಮಾಡಿದ್ದು. ಮಹಾಪೆಯ ಆಫೀಸೊಂದರಲ್ಲಿ ಪತ್ರ ಟೈಪ್ ಮಾಡುವ ನನ್ನ ಜೇಬಿಗೆ ಅದು ಬಂದದ್ದು ಹೀಗೆ: ಕುಂಡದ ಗಿಡಗಳನ್ನು ನೋಡಿಕೊಳ್ಳುತ್ತಿದ್ದ ಕಾಂಟ್ರಾಕ್ಟರನನ್ನು ಕಂಪನಿ ಬಿಡಿಸಿತು. "ರಾವ್‌ಜೀ, ಆಪ್ ತೋ ಉಡುಪಿ ಸೇ ಹೈ ನಾ? ಆಪ್ ಕೋ ಝಾಡ್ ಕಾ ಸಬ್ ಪತಾ ಹೋಗಾ" ಎಂದು ಮ್ಯಾನೇಜರ್ ಮೇಡಂ ನಲವತ್ತು ಕುಂಡಗಳನ್ನೂ ಈ ಚಾಕುವನ್ನೂ ನನಗೆ ಒಪ್ಪಿಸಿದರು. ಉಡುಪಿಯವನೆಂದರೆ ಗಿಡಗಳ ವಿಷಯವೆಲ್ಲ ಗೊತ್ತಿರಬೇಕಂತೆ. ನಾನು ಹುಟ್ಟಿದ್ದು ಇಲ್ಲೇ ಪಕ್ಕದ ಕಲ್ಯಾಣದಲ್ಲಿ, ಅಪ್ಪನ ಹೋಟೆಲಿನ ಮೇಲಿನ ಕೋಣೆಯಲ್ಲಿ. ನನಗೆ ಹತ್ತಿರದಿಂದ ಪರಿಚಯವಿದ್ದ ಸಸ್ಯ ಕೊತ್ತಂಬರಿ ಒಂದೇ, ಅದೂ ಕಟ್ಟಿನ ರೂಪದಲ್ಲಿ. ಆದರೆ ಇದು ಉಡುಪಿಯ ಮರ್ಯಾದೆಯ ಪ್ರಶ್ನೆ. ತೋಟದಲ್ಲೇ ಬೆಳೆದವನೆಂದು ಹೇಳಿಬಿಟ್ಟೆ.

ಮೊದಲ ವಾರ ಗಿಡಗಳನ್ನು ಸವರಿದೆ. ಎರಡನೆಯ ವಾರಕ್ಕೆ ಸವರಲು ಗಿಡದಲ್ಲಿ ಏನೂ ಉಳಿದಿರಲಿಲ್ಲ, ಕೈಯ ತುರಿಕೆ ಮಾತ್ರ ಉಳಿದಿತ್ತು. ಕೊರಿಯರ್ ಪಾರ್ಸೆಲ್ ಬಂದರೆ ಯಾರಿಗೇ ಬಂದಿರಲಿ, ನಾನು ಹಾಜರು. ಯಾರದೋ ಅಂಗಿಯಿಂದ ದಾರ ನೇತಾಡಿದರೆ ನನಗೆ ಹಬ್ಬ. ಒಬ್ಬ ಹುಡುಗಿಯ ಬರ್ತ್‌ಡೇ ಕೇಕನ್ನೂ ಅದರಲ್ಲೇ ಕತ್ತರಿಸಲು ಹೋದೆ. ಬಾಗಿದ ಅಲಗು ಕೇಕನ್ನು ಕೊಯ್ಯಲಿಲ್ಲ, ಅವಳ ಹೆಸರಿನ ಸಮೇತ ಕ್ರೀಮನ್ನೆಲ್ಲ ಎಳೆದುಕೊಂಡು ಬಂತು. ಹಾಗಿದ್ದರೂ "ರಾವ್‌ಜೀ, ಚಾಕೂ!" ಎಂಬ ಕೂಗು ಕೇಳಿದರೆ ನನ್ನ ಎದೆ ಉಬ್ಬುತ್ತಿತ್ತು. ಹದಿನೆಂಟು ವರ್ಷದಲ್ಲಿ ಆಫೀಸು ನನ್ನನ್ನು ಇಷ್ಟು ಸಲ ಕರೆದದ್ದೇ ಇಲ್ಲ.

ನನ್ನದೊಂದೇ ಕಟ್ಟಳೆ: ಚಾಕುವನ್ನು ಯಾರ ಕೈಗೂ ಕೊಡುವುದಿಲ್ಲ. ಮೇಜಿನ ಮೇಲೆ ಇಡುತ್ತೇನೆ, ಬೇಕಾದವರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಚಾಕು ಕೊಟ್ಟರೆ ಇಬ್ಬರ ನಡುವೆ ಜಗಳ ಆಗಿಯೇ ಆಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಅವಳೂ ನನ್ನ ಸೋದರತ್ತೆಯೂ ಹನ್ನೊಂದು ವರ್ಷ ಮಾತು ಬಿಟ್ಟದ್ದು ಹಲಸಿನಕಾಯಿ ಕೊಯ್ಯುವಾಗ ಚಾಕು ಕೈ ಬದಲಾಯಿಸಿದ್ದರಿಂದಂತೆ. ನಡುವೆ ಒಂದು ಸೀರೆಯ ವಿಷಯವೂ ಇತ್ತು ಎನ್ನುತ್ತಾರೆ, ಅಮ್ಮ ಅದನ್ನು ಲೆಕ್ಕಕ್ಕೆ ತೆಗೆದುಕೊಂಡವಳಲ್ಲ.

ಈಗ ಪಾಟೀಲನ ವಿಷಯ. ಪಾಟೀಲ ವಿಜಯಪುರ ಕಡೆಯವನು, ಮನೆ ಠಾಣೆಯ ಪಕ್ಕದ ಕಳವಾ ಎಂಬಲ್ಲಿ. ನಮ್ಮ ಆಫೀಸಿನ ಲೈಟು, ಏಸಿ ರಿಪೇರಿಯೆಲ್ಲ ಅವನದು. ನಾನು ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಜಜ್ಜಿಸಿಕೊಂಡು ಠಾಣೆಗೆ ಬಂದು ಇಳಿಯುವಷ್ಟರಲ್ಲಿ ಅವನು ಆಫೀಸಿನತ್ತ ಹೋಗುವ ಘಣಸೋಲಿ ಕಡೆಯ ಗಾಡಿಗೆ ಹಾರಿ, ಕಿಟಕಿಯ ಪಕ್ಕ ತಾನು ಕೂತು, ಪಕ್ಕದ ಸೀಟಿಗೆ ನನಗಾಗಿ ಕರವಸ್ತ್ರ ಹಾಕಿರುತ್ತಾನೆ. ಹದಿನೆಂಟು ವರ್ಷದಿಂದ ಆ ಸೀಟಿನಲ್ಲಿ ಕೂತು ಅವನ ಜೊತೆ ವಾದ ಮಾಡುತ್ತ ಬಂದಿದ್ದೇನೆ. ಡೊಂಬಿವಲಿಯ ರಶ್ ಹೆಚ್ಚೋ ಕಳವಾ ಸ್ಟೇಷನ್ನಿನದೋ, ನೀರುದೋಸೆ ಮೇಲೋ ಜೋಳದ ರೊಟ್ಟಿ ಮೇಲೋ, ಇವೇ ವಿಷಯಗಳು. ಮಧ್ಯಾಹ್ನ ಡಬ್ಬಿಯೂ ಒಟ್ಟಿಗೇ ಬಿಚ್ಚುತ್ತೇವೆ. ಈ ಊರಿನಲ್ಲಿ ನನಗೆ ಗೆಳೆಯ ಎಂದು ಇರುವವನು ಅವನೊಬ್ಬನೇ.

ಒಂದು ಸೋಮವಾರ ರಿಸೆಪ್ಶನ್‌ನಲ್ಲಿ ಪಾಟೀಲ ಏಣಿಯ ತುದಿಯಲ್ಲಿದ್ದ. ಮನಿಪ್ಲಾಂಟಿನ ಬಳ್ಳಿ ಟ್ಯೂಬ್‌ಲೈಟಿಗೆ ಸುತ್ತಿಕೊಂಡಿತ್ತು. ಒಂದು ಕೈಯಲ್ಲಿ ಟ್ಯೂಬು ಹಿಡಿದು ಇನ್ನೊಂದನ್ನು ಕೆಳಗೆ ಚಾಚಿ, "ಚಾಕೂ ಕೊಡ್ರಿ ರಾವ್‌ಸಾಬ್, ಲಗೂನ!" ಎಂದು ಕೂಗಿದ. ಏಣಿಯ ತುದಿಗೆ ನಾನು ಮೇಜು ಎಲ್ಲಿಂದ ತರಲಿ? ಏಣಿ ಅಲ್ಲಾಡುತ್ತಿತ್ತು. ಕಣ್ಣು ಮುಚ್ಚಿ ಅವನ ಅಂಗೈಗೇ ಕೊಟ್ಟುಬಿಟ್ಟೆ.

ಮನೆಯಲ್ಲಿ ಹೇಳಿದರೆ ಹೆಂಡತಿ ಸುಮತಿ ಸೌಟು ಕೆಳಗಿಟ್ಟಳು. "ಎಂತ ಮಾಡಿದ್ರಿ ಮಾರಾಯ್ರೆ! ಕೈಯಿಂದ ಕೈಗಾ?" ಮಗಳು ಫೋನಿನಿಂದ ತಲೆ ಎತ್ತದೆ, "ಪಪ್ಪಾ, ಕುಛ್ ಭೀ!" ಎಂದು ಗೇಲಿ ಮಾಡಿದಳು. ಸುಮತಿ ಪರಿಹಾರ ಸೂಚಿಸಿದಳು: "ಒಂದು ವಾರ ಅವರು ಹೇಳಿದ್ದಕ್ಕೆಲ್ಲ ಹೌದು ಹೇಳಿ. ಅವರೊಬ್ಬರೇ ಎಷ್ಟು ಅಂತ ಜಗಳ ಮಾಡ್ತಾರೆ?"

ಮಂಗಳವಾರ ಪಾಟೀಲ, "ನಮ್ಮ ಕಳವಾ ಸ್ಟೇಷನ್ನಿನಷ್ಟು ರಶ್ ಎಲ್ಲೂ ಇಲ್ರೀ" ಎಂದ. ಹೌದು ಎಂದೆ. ಅವನು ಐರೋಲಿ ಸ್ಟೇಷನ್ನಿನವರೆಗೆ ನನ್ನನ್ನೇ ನೋಡಿದ. ಬುಧವಾರ ರೊಟ್ಟಿಯ ಮುಂದೆ ನೀರುದೋಸೆ ಏನೂ ಅಲ್ಲ ಎಂದ. ಏನೂ ಅಲ್ಲ ಎಂದೆ. ಹೇಳುವಾಗ ಊರಿನ ಅಜ್ಜಿಯರೆಲ್ಲ ಕಣ್ಣ ಮುಂದೆ ಬಂದರು. ಗುರುವಾರ, ನಾನು ಸವರಿದ ಗಿಡಗಳು ತಲೆ ಬೋಳಿಸಿಕೊಂಡಂತಿವೆ ಎಂದ. ಅದಕ್ಕೂ ನಕ್ಕು ತಲೆಯಾಡಿಸಿ, ನನ್ನ ಡಬ್ಬಿಯ ಪತ್ರೊಡೆಯನ್ನು ಅವನಿಗೇ ಬಡಿಸಿದೆ. ಪಾಟೀಲ ತಿನ್ನಲಿಲ್ಲ.

ಶುಕ್ರವಾರ ಗಾಡಿಯಲ್ಲಿ ಕರವಸ್ತ್ರ ಇರಲಿಲ್ಲ. ಘಣಸೋಲಿಯವರೆಗೆ ನಿಂತೇ ಬಂದೆ. ಮಧ್ಯಾಹ್ನ ಅವನು ಡಬ್ಬಿ ಮುಚ್ಚಿ, "ಖರೇ ಹೇಳ್ರಿ ರಾವ್‌ಸಾಬ್. ಲಿಸ್ಟಿನ್ಯಾಗ ನನ್ನ ಹೆಸರು ಐತೇನು?" ಎಂದು ಕೇಳಿದ.

"ಯಾವ ಲಿಸ್ಟು?"

"ಗಿಡದಾಂವನ್ನ ತೆಗದ್ರು. ಈಗ ರಿಪೇರಿ ಕೆಲಸಾನೂ ಹೊರಗಿನವರಿಗೆ ಕೊಡ್ತಾರಂತ ಸುದ್ದಿ ಐತಿ. ಪತ್ರ ಟೈಪ್ ಮಾಡಾಂವ ನೀವು. ಹದಿನೆಂಟು ವರ್ಷ ನನ್ನ ಒಂದ ಮಾತಿಗೂ ಹೂಂ ಅನ್ಲಿಲ್ಲ. ನಾಕ ದಿನ ಆತು, ದವಾಖಾನ್ಯಾಗ ಪೇಷಂಟ್ ಜೋಡಿ ಮಾತಾಡಿದಂಗ ಮಾತಾಡಾಕತ್ತೀರಿ. ನಮ್ಮಾಕಿ ಉಪಾಸ ಹಿಡದಾಳ್ರೀ."

ಅವನ ಕಣ್ಣು ಒದ್ದೆಯಾಗಿತ್ತು. ನನಗೆ ನೆಲ ಬಿರಿದು ಒಳಗೆ ಹೋಗುವಷ್ಟು ನಾಚಿಕೆಯಾಯಿತು. ಅಂಥ ಪಟ್ಟಿಯೇ ಇಲ್ಲವೆಂದು ಮಕ್ಕಳಾಣೆ ಹಾಕಿದೆ. ಏಣಿ, ಅಂಗೈ, ಅಮ್ಮ, ಸುಮತಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಪಾಟೀಲ ನಿಧಾನವಾಗಿ ಎದ್ದು ನಿಂತ.

"ಚಾಕೂ? ಒಂದು ಚಾಕೂ ಸಲುವಾಗಿ ನಾಕ ದಿನ ನನ್ನ ಜೀವಾ ತಿಂದ್ರೇನ್ರೀ?"

ಆಮೇಲೆ ನಡೆದದ್ದನ್ನು ನೋಡಲು ಮೂರನೆಯ ಮಹಡಿಯವರೂ ಇಳಿದು ಬಂದರು. ಅವನು ಉಡುಪಿಯವರ ಬುದ್ಧಿಯಿಂದ ಶುರು ಮಾಡಿದ. ನುಂಗಿಕೊಂಡ ವಾದಗಳೆಲ್ಲ ಬಾಕಿ ಇದ್ದವಲ್ಲ, ನಾನೂ ಬಿಡಲಿಲ್ಲ. ನೀರುದೋಸೆಯ ಮುಂದೆ ರೊಟ್ಟಿ ಬರಿಯ ರಟ್ಟು ಎಂದೆ, ಕಳವಾ ಕಡೆಯವರು ಡೊಂಬಿವಲಿಯಲ್ಲಿ ಒಂದು ದಿನ ಗಾಡಿ ಹತ್ತಿ ತೋರಿಸಲಿ ಎಂದೆ. ಎಷ್ಟು ಸುಖವಾಯಿತೆಂದರೆ, ಕೊನೆಗೆ ಇಬ್ಬರಿಗೂ ಏದುಸಿರು ಬಂದು, ಅವನೇ ನನಗೆ ನೀರಿನ ಲೋಟ ಕೊಟ್ಟ. ಸಂಜೆ ಸುಮತಿಗೆ ಹೇಳಿದರೆ, "ನೋಡಿ, ಜಗಳ ಆಯ್ತೋ ಇಲ್ವೋ?" ಎಂದು ಗೆದ್ದ ಮುಖ ಮಾಡಿದಳು.

ಸೋಮವಾರ ಠಾಣೆಯಲ್ಲಿ ಗಾಡಿ ಹತ್ತಿದೆ. ಕರವಸ್ತ್ರ ಕಿಟಕಿಯ ಪಕ್ಕದ ಸೀಟಿನ ಮೇಲಿತ್ತು, ಪಾಟೀಲ ಈಚೆ ಕೂತಿದ್ದ. "ಬರ್ರಿ ರಾವ್‌ಸಾಬ್, ಗಾಳಿ ಬರ್ತೈತಿ, ನೀವ ಕೂಡ್ರಿ" ಎಂದ. ಹದಿನೆಂಟು ವರ್ಷದಲ್ಲಿ ಮೊದಲ ಸಲ ನನಗೆ ಕಿಟಕಿ ಸಿಕ್ಕಿತು. ಕೂತ ಮೇಲೆ, ಡೊಂಬಿವಲಿಯ ರಶ್ಶೇ ಹೆಚ್ಚು, ಒಪ್ಪಿದೆ ಎಂದ. ಐರೋಲಿ ಬರುವಷ್ಟರಲ್ಲಿ ನೀರುದೋಸೆಯೂ ಭಾಳ ಚಲೋ ಆಯಿತು. ಈಗ ಪೇಷಂಟು ನಾನು. ಮಾತಿನ ನಡುವೆ ಅವನೇ ಹೇಳಿದ: ಶನಿವಾರ ನಾನು ಬೇಗ ಹೊರಟ ಮೇಲೆ ಅವನು ಮೇಡಂ ಕ್ಯಾಬಿನ್ನಿನಲ್ಲಿ ಏಸಿ ಬಿಚ್ಚಿ ಒಂದು ಗಂಟೆ ಏಣಿಯ ಮೇಲಿದ್ದನಂತೆ. ಕೆಳಗೆ ಮೇಡಂ ಯಾರ ಜೊತೆಯೋ ಫೋನಿನಲ್ಲಿದ್ದರಂತೆ. ಪಟ್ಟಿ ಇಲ್ಲವೆಂದು ಆಣೆ ಹಾಕಿದವನು ನಾನೇ, ಆಫೀಸಿನ ಪತ್ರಗಳನ್ನೆಲ್ಲ ಟೈಪ್ ಮಾಡುವವನೂ ನಾನೇ. ಆದರೆ ರಬಾಳೆ ದಾಟುವಾಗ ಹೊಳೆಯಿತು: ನನ್ನನ್ನು ತೆಗೆಯುವ ಪತ್ರವನ್ನು ನನ್ನ ಕೈಯಲ್ಲೇ ಟೈಪ್ ಮಾಡಿಸುತ್ತಾರೆಯೇ?